ಬಾಯಲ್ಲಿ ಕರೆಂಟು, ಕಾಲಲ್ಲಿ ರಾಡು, ಒಲೆ ಮೇಲೆ ಹಿತ್ತಾಳೆ

ಈ ಸಲ ಆದವಾನಿ ಕಡೆಯ ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರಿನಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದವು. ಅಲ್ಲಿನ ಎಷ್ಟೋ ಮಂದಿ ಇವತ್ತಿಗೂ ತಮ್ಮ ನೋವನ್ನು ಕನ್ನಡದಲ್ಲೇ ಹೇಳಿಕೊಳ್ಳುತ್ತಾರೆ. ಪ್ರಶ್ನೆಗಳು ಬೇರೆಬೇರೆಯಾದರೂ ಬೇರು ಒಂದೇ: ಎರಡು ಲೋಹ, ನಡುವೆ ಉಪ್ಪಿನ ಇಲ್ಲವೇ ಹುಳಿಯ ನೀರು.

ಪ್ರಶ್ನೆ: ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೇನೆ, ವಯಸ್ಸು 52. ಮೇಲಿನ ದವಡೆ ಹಲ್ಲಿಗೆ ಬಹಳ ಹಿಂದೆಯೇ ಬಂಗಾರದ ಕ್ಯಾಪು ಹಾಕಿಸಿದ್ದೆ. ಹೋದ ವಾರ ಅದರ ಕೆಳಗಿನ ಹಲ್ಲು ಹುಳುಕಾಗಿದ್ದಕ್ಕೆ ಬೆಳ್ಳಿ ಸಿಮೆಂಟು ತುಂಬಿಸಿದೆ. ಎರಡೂ ತಾಗಿದರೆ ಕರೆಂಟು ಹೊಡೆದಂಗಾಗುತ್ತದೆ, ಬಾಯೆಲ್ಲ ಕಬ್ಬಿಣ ನೆಕ್ಕಿದ ರುಚಿ. ಮನೆಯವರು ಭ್ರಮೆ ಅಂತಾರೆ. — ಓದುಗರು, ಆದವಾನಿ

ಉತ್ತರ: ಭ್ರಮೆಯಲ್ಲ, ನಿಜವಾದ ಕರೆಂಟೇ. ಬೆಳ್ಳಿ ಸಿಮೆಂಟು ಎಂದು ಕರೆಯುವುದರಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರ. ಇವು ಬಂಗಾರಕ್ಕಿಂತ ಬೇಗ ಕರಗುವ ಸ್ವಭಾವದವು. ನಡುವೆ ಉಪ್ಪಿನಂಶದ ಜೊಲ್ಲು ಇದ್ದೇ ಇದೆ. ಎರಡು ಹಲ್ಲು ತಾಗಿದ ಕ್ಷಣ ಸರ್ಕ್ಯೂಟ್ ಪೂರ್ತಿಯಾಗಿ ಸಣ್ಣದೊಂದು ಬ್ಯಾಟರಿ ತಯಾರಾಗುತ್ತದೆ, ಹಲ್ಲಿನ ನರಕ್ಕೆ ಅದು ಚುರುಕ್ಕೆನ್ನುತ್ತದೆ. ಸ್ವಿಟ್ಜರ್ಲೆಂಡಿನ ಸುಲ್ಝರ್ ಎಂಬಾತ 1750ರ ದಶಕದಲ್ಲೇ ಸೀಸದ ಚೂರು, ಬೆಳ್ಳಿಯ ಚೂರು ಎರಡನ್ನೂ ನಾಲಿಗೆಗೆ ತಾಗಿಸಿಕೊಂಡು ಇದೇ ಕಬ್ಬಿಣದ ರುಚಿ ಕಂಡಿದ್ದ. ವೋಲ್ಟಾ ಬ್ಯಾಟರಿ ಮಾಡಿದ್ದು 1800ರಲ್ಲಿ. ಅಂದರೆ ಬ್ಯಾಟರಿಗಿಂತ ನಿಮ್ಮ ದೂರೇ ಹಳೆಯದು.

ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತುಂಬಿಸಿದ ಲೋಹದ ಮೇಲೆ ತೆಳುವಾದ ಪೊರೆ ಕಟ್ಟಿಕೊಂಡು ಇದು ತಾನೇ ತಗ್ಗುತ್ತದೆ. ಅಲ್ಲಿಯವರೆಗೆ ಇನ್ನೊಂದು ಬದಿಯಲ್ಲಿ ಅಗಿಯಿರಿ. ಎರಡು ಮೂರು ವಾರವಾದರೂ ತಗ್ಗದಿದ್ದರೆ ಹಾಕಿದ ದಂತವೈದ್ಯರ ಹತ್ತಿರವೇ ಹೋಗಿ, ಎದುರಿಗೆ ಬಂಗಾರವಿದೆ ಎಂದು ನೆನಪಿಸಿ, ಹಲ್ಲಿನ ಬಣ್ಣದ ಸಿಮೆಂಟಿಗೆ ಬದಲಾಯಿಸಿಕೊಳ್ಳಿ. ಲೋಹವಲ್ಲದ್ದು ಎದುರಿಗಿದ್ದರೆ ಕರೆಂಟಿನ ಮಾತೇ ಇಲ್ಲ. ಪಾದರಸ ಎಂದೊಡನೆ ಹೆದರಿ, ತೊಂದರೆ ಕೊಡದ ಹಳೆಯ ಸಿಮೆಂಟುಗಳನ್ನೆಲ್ಲ ಕೀಳಿಸಲು ಹೋಗಬೇಡಿ. ಕೊರೆದು ತೆಗೆಯುವಾಗಲೇ ಅದರ ಆವಿ ಹೆಚ್ಚು ಏಳುತ್ತದೆ. ಬಸುರಿಯರಂತೂ ಆ ಗೊಡವೆಗೆ ಹೋಗಲೇಬಾರದು.

ಹಲ್ಲು ತಾಗದಿದ್ದಾಗಲೂ ಲೋಹದ ರುಚಿ ಇದ್ದರೆ ಕಾರಣ ಬೇರೆ ಇರಬಹುದು. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಗಳು, ರಕ್ತ ಒಸರುವ ವಸಡು, ಇವೂ ಇದೇ ರುಚಿ ತರುತ್ತವೆ. ಗುಟ್ಕಾ, ತಂಬಾಕು ಹಾಕುವವರು ನೀವಾಗಿದ್ದರೆ ಇನ್ನೊಂದು ಮಾತು: ಕೆನ್ನೆಯ ಒಳಗೆ ಬಿಳಿ ಕಲೆ ಎರಡು ವಾರ ಮೀರಿ ನಿಂತರೆ ಅದನ್ನು ಹಲ್ಲಿನ ಕರೆಂಟಿನ ಲೆಕ್ಕಕ್ಕೆ ಬರೆದು ಸುಮ್ಮನಿರಬೇಡಿ, ತೋರಿಸಿ.

ಪ್ರಶ್ನೆ: ನನ್ನ ಮಗ ಮಲ್ಪೆಯಲ್ಲಿ ಬೋಟಿನ ಕೆಲಸಕ್ಕಿದ್ದಾನೆ. ಸಮುದ್ರದ ಉಪ್ಪುನೀರಿಗೆ ಬೋಟಿನ ಕೆಳಗಿನ ಲೋಹ ತಿಂದುಹೋಗುತ್ತದೆಂದು ಸತುವಿನ ಗಟ್ಟಿ ಕೂರಿಸುತ್ತಾರಂತೆ. ನನ್ನ ತೊಡೆಯಲ್ಲಿ ರಾಡಿದೆ. ನಮ್ಮೂರ ಬೋರ್ ನೀರೋ ಬರೀ ಉಪ್ಪು. ರಾಡಿಗೂ ತುಕ್ಕು ಹಿಡಿಯುತ್ತದಾ? — ಓದುಗರು, ಕೋಸಿಗಿ

ಉತ್ತರ: ಮಗ ಹೇಳಿದ್ದು ಸರಿ. ಅಲ್ಲಿ ಸತು ತಾನು ಕರಗಿ ಹಿತ್ತಾಳೆ, ಅಲ್ಯೂಮಿನಿಯಂ ಭಾಗಗಳನ್ನು ಉಳಿಸುತ್ತದೆ. ಹಂಫ್ರಿ ಡೇವಿ 1824ರಲ್ಲಿ ಬ್ರಿಟಿಷ್ ನೌಕಾಪಡೆಗೆ ತೋರಿಸಿಕೊಟ್ಟ ಉಪಾಯ ಇದು. ಸಮುದ್ರದ ನೀರಿನಲ್ಲಿ ನೂರಕ್ಕೆ ಸುಮಾರು 3.5 ಪಾಲು ಉಪ್ಪಿದ್ದರೆ ನಮ್ಮ ಮೈಯೊಳಗಿನ ನೀರು ನೂರಕ್ಕೆ 0.9ರ ಸಲೈನ್ ಬಾಟಲಿಗೆ ಸಮ. ನೀವು ಬೋರ್ ನೀರು ಕುಡಿದರೂ ಕಾಲುವೆ ನೀರು ಕುಡಿದರೂ ಮೂತ್ರಪಿಂಡಗಳು ಆ ಪ್ರಮಾಣವನ್ನು ಅಲ್ಲಾಡಲು ಬಿಡುವುದಿಲ್ಲ. ಹಾಗಾಗಿ ಬೋರ್ ನೀರಿಗೂ ನಿಮ್ಮ ರಾಡಿಗೂ ಸಂಬಂಧವಿಲ್ಲ. (ಬಿ.ಪಿ.ಗೆ ಸಂಬಂಧವಿದೆ, ಅದು ಬೇರೆ ಮಾತು.)

ಆದರೂ ನಿಮ್ಮ ಅನುಮಾನ ದಡ್ಡತನದ್ದಲ್ಲ. ಅಮೆರಿಕದ ವೆನಬಲ್, ಸ್ಟಕ್ ಮತ್ತವರ ಜೊತೆಗಾರರು 1937ರಲ್ಲಿ ನಾಯಿಗಳ ಮೂಳೆಗೆ ಬೇರೆಬೇರೆ ಲೋಹದ ಸ್ಕ್ರೂಗಳನ್ನು ಕೂರಿಸಿ ನೋಡಿದರು. ಲೋಹ ಬೆರೆತ ಕಡೆ ಕರೆಂಟು ಹರಿದು ಲೋಹ ಕರಗಿತು, ಸುತ್ತಲಿನ ಮೂಳೆಯೂ ಕೆಟ್ಟಿತು. ಆಮೇಲೆ ಪ್ಲೇಟು, ಸ್ಕ್ರೂ ಎರಡೂ ಒಂದೇ ಲೋಹದ್ದಿರಬೇಕೆಂಬ ಪಾಠ ಬೇರೂರಿತು. ಈಗ ಹಾಕುವುದು 316ಎಲ್ ಸ್ಟೀಲ್ ಇಲ್ಲವೇ ಟೈಟಾನಿಯಂ. ಎರಡಕ್ಕೂ ಮೇಲೆ ತಾವೇ ಕಟ್ಟಿಕೊಳ್ಳುವ ಪೊರೆಯೇ ಕಾವಲು. ತೊಡೆಗೆ ಸತುವಿನ ತಾಯಿತ ಕಟ್ಟಿದರೆ ನಡುವೆ ಚರ್ಮ ಅಡ್ಡವಿರುವುದರಿಂದ ಏನೂ ಆಗದು. ನೀವು ಮಾಡಬೇಕಾದ ಕೆಲಸ ಒಂದೇ: ಡಿಸ್ಚಾರ್ಜ್ ಕಾಗದ, ಅದರಲ್ಲಿ ಅಂಟಿಸಿದ ಕಂಪನಿ ಸ್ಟಿಕ್ಕರ್ ಎರಡನ್ನೂ ಪಡಿತರ ಚೀಟಿಯಷ್ಟೇ ಜೋಪಾನ ಮಾಡಿ. ಮತ್ತೆ ಆಪರೇಷನ್ ಆದರೂ ಎಂ.ಆರ್.ಐ. ಮಾಡಿಸಿದರೂ ಮೊದಲು ಕೇಳುವುದು ಅದನ್ನೇ. ಹಳೆಯ ಗಾಯದ ಜಾಗ ಊದಿದರೆ, ಕೀವು ಸೋರಿದರೆ, ಹೊಸದಾಗಿ ನೋವು ಶುರುವಾದರೆ ಮೂಳೆ ವೈದ್ಯರ ಬಳಿ ಹೋಗಿ. ಹೆಚ್ಚಿನ ಸಲ ಅದು ಸೋಂಕು ಇಲ್ಲವೇ ಸಡಿಲಾದ ಸ್ಕ್ರೂ.

ಪ್ರಶ್ನೆ: ಶ್ರಾವಣದಲ್ಲಿ ಉರುಕುಂದ ಈರಣ್ಣನ ಜಾತ್ರೆಗೆ ಹೋದಾಗ ಅಲ್ಲೇ ಅಡಿಗೆ ಮಾಡುತ್ತೇವೆ. ಈ ಸಲ ಅತ್ತೆಯವರ ಕಾಲದ ಹಿತ್ತಾಳೆ ಬೋಗುಣಿ ಅಟ್ಟದಿಂದ ಇಳಿಸಿ, ಹುಣಸೆಹಣ್ಣು ತೊಳೆದು ಹಾಕಿ ಫಳಫಳ ತಿಕ್ಕಿದ್ದೇನೆ. ಹುಳಿಯನ್ನ ಮಾಡಬಹುದಾ? ಮೊಮ್ಮಗುವಿಗೆ ಅದರಲ್ಲೇ ಹಾಲು ಕಾಸಬಹುದಾ? — ಓದುಗರು, ಕೌತಾಳ

ಉತ್ತರ: ಈ ಕಂತಿನಲ್ಲಿ ನನ್ನನ್ನು ನಿಜವಾಗಿ ಹೆದರಿಸಿದ ಪತ್ರ ನಿಮ್ಮದು ತಾಯಿ. ಹುಣಸೆಹುಳಿ ಹಿತ್ತಾಳೆಯನ್ನು ಹೊಳೆಸುವುದೇ ಅದರ ಮೇಲ್ಪದರ ಕರಗಿಸಿ. ಅದೇ ಹುಳಿ ಬೋಗುಣಿಯಲ್ಲಿ ಕುದಿದು ಕೂತರೆ ತಾಮ್ರ ಅನ್ನಕ್ಕಿಳಿಯುತ್ತದೆ. ಉಂಡ ಸ್ವಲ್ಪ ಹೊತ್ತಿಗೇ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಪಾಪ, ಬೈಗುಳ ಮಾತ್ರ ಜಾತ್ರೆಯ ನೀರಿಗೆ. ನಿಮ್ಮ ಅತ್ತೆಯವರ ಕಾಲದಲ್ಲಿ ಒಳಗೆ ಕಲಾಯಿ ಇರುತ್ತಿತ್ತು. ಆ ತವರದ ಪದರ ತಾಮ್ರಕ್ಕೆ ಹುಳಿ ತಾಗದಂತೆ ತಡೆಯುತ್ತದೆ, ಅಲ್ಲಲ್ಲಿ ಗೀರು ಬಿದ್ದರೂ ಬೋಟಿನ ಸತುವಿನಂತೆ ತಾನೇ ಮೊದಲು ಸವೆಯುತ್ತದೆ. ಸವೆದು ಹಳದಿ ಕಂಡಿತೆಂದರೆ ಕಾವಲು ಮುಗಿಯಿತು. ಸರಿಯಾಗಿ ಕಲಾಯಿ ಮಾಡದ ತಾಮ್ರ, ಹಿತ್ತಾಳೆ ಪಾತ್ರೆಗಳು ಆಹಾರಕ್ಕೆ ತಕ್ಕವಲ್ಲವೆಂದು 2011ರ ನಮ್ಮ ಆಹಾರ ಸುರಕ್ಷತಾ ನಿಯಮಗಳೂ ಹೇಳಿವೆ.

ಮಗುವಿನ ಹಾಲಂತೂ ಬೇಡವೇ ಬೇಡ. ಎಳೆ ಮಕ್ಕಳ ಯಕೃತ್ತು ಗಟ್ಟಿಯಾಗಿ ಜೀವ ತೆಗೆಯುತ್ತಿದ್ದ ಒಂದು ಕಾಯಿಲೆ ನಮ್ಮ ದೇಶದಲ್ಲಿ ಎಷ್ಟೋ ಮನೆಗಳನ್ನು ಬರಿದು ಮಾಡಿತ್ತು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಸಿದ ಹಾಲಿಗೂ ಅದಕ್ಕೂ ನಂಟಿರುವುದನ್ನು 1980ರ ದಶಕದ ಆರಂಭದಲ್ಲಿ ಪುಣೆಯ ವೈದ್ಯರು ಎತ್ತಿ ತೋರಿಸಿದರು. ಹಾಲು ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮನೆಗಳಿಗೆ ಸ್ಟೀಲ್ ಬಂದ ಮೇಲೆ ಆ ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು. ಹಳೆಯ ಪಾತ್ರೆಗಳ ಹೊಸ ಫ್ಯಾಷನ್ನು ಅದನ್ನು ವಾಪಸು ಕರೆಯುವುದು ಬೇಡ.

ಬೋಗುಣಿ ಬಿಡಲು ಮನಸ್ಸಿಲ್ಲದಿದ್ದರೆ ಕಲಾಯಿ ಹಾಕಿಸಿ. ಶುದ್ಧ ತವರವೇ ಬೇಕು ಎಂದು ಹೇಳಿ, ಎದುರಿಗೇ ನಿಂತು ಹಾಕಿಸಿ; ಬೆಸುಗೆಯ ಸೀಸ ಬೆರೆತರೆ ತಾಮ್ರಕ್ಕಿಂತ ದೊಡ್ಡ ವಿಷ. ಆಮೇಲೂ ಅದರಲ್ಲಿ ಬರೀ ಅನ್ನ, ಬೇಳೆ ಬೇಯಿಸಿ, ಹುಳಿ ಕಲಸುವುದನ್ನು ಸ್ಟೀಲ್ ಪಾತ್ರೆಯಲ್ಲಿ ಮಾಡಿ.

ಪ್ರಶ್ನೆ: ಸ್ಟೀಲ್ ಡಬ್ಬಿಯ ಟೊಮೆಟೊ ಗೊಜ್ಜಿಗೆ ಫಾಯಿಲ್ ಮುಚ್ಚಿಟ್ಟಿದ್ದೆ. ಬೆಳಿಗ್ಗೆ ಫಾಯಿಲಿನಲ್ಲಿ ತೂತು, ಗೊಜ್ಜಿನ ಮೇಲೆ ಕಪ್ಪು ಚುಕ್ಕಿ. ಯಾರಾದರೂ ಏನಾದರೂ ಮಾಡಿಸಿರಬಹುದಾ? — ಓದುಗರು, ಆಲೂರು

ಉತ್ತರ: ಮಾಟವಲ್ಲ. ಅಲ್ಯೂಮಿನಿಯಂ ಸ್ಟೀಲಿಗೂ ಗೊಜ್ಜಿಗೂ ಒಟ್ಟಿಗೆ ತಾಗಿ ಕರಗಿದೆ. ಚುಕ್ಕಿ ಬಿದ್ದಷ್ಟು ತೆಗೆದು ಚೆಲ್ಲಿ, ಉಳಿದದ್ದನ್ನು ಉಣ್ಣಬಹುದು. ನಾಳೆಯಿಂದ ಡಬ್ಬಿಯ ಮುಚ್ಚಳವನ್ನೇ ಹಾಕಿ.