ಜಿಮ್‌ಗೆ ದುಡ್ಡು ಕಟ್ಟುವ ಮೊದಲು: ಪವಾಯಿ ಕನ್ನಡಿಗರಿಗೆ ನಾಲ್ಕು ಮಾತು



ಮಳೆಗಾಲ ಶುರುವಾದರೆ ಪವಾಯಿ ಕೆರೆ ಕಡೆಯ ವಾಕಿಂಗ್‌ಗೆ ರಜೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಛತ್ರಿ ಹಿಡಿದು ಎಷ್ಟು ದಿನ ನಡೆಯುತ್ತೀರಿ? ಆಗಲೇ ನಮ್ಮವರಿಗೆ ಜಿಮ್ ನೆನಪಾಗುವುದು. ಹೀರಾನಂದಾನಿ, ಚಾಂದಿವಲಿ, ಸಾಕಿ ವಿಹಾರ್ ರಸ್ತೆ, ಎಲ್ಲಿ ನೋಡಿದರೂ ಬೋರ್ಡು, ಇವತ್ತೇ ಸೇರಿದರೆ ಅರ್ಧ ರೇಟು ಎಂಬ ಆಫರು.

*ಮೊದಲು ನಿಮ್ಮ ಬಿಲ್ಡಿಂಗ್ ನೋಡಿ.* ಇಲ್ಲಿನ ಎಷ್ಟೋ ಸೊಸೈಟಿಗಳಲ್ಲಿ ಕ್ಲಬ್‌ಹೌಸ್ ಇದೆ, ಅದರ ಖರ್ಚು ನಿಮ್ಮ ಮೇಂಟೆನೆನ್ಸ್‌ನಲ್ಲೇ ಹೋಗುತ್ತಿರುತ್ತದೆ. ಎರಡು ಟ್ರೆಡ್‌ಮಿಲ್, ನಾಲ್ಕು ಜೊತೆ ಡಂಬೆಲ್ ಇದ್ದರೂ ಹೊಸಬರಿಗೆ ಧಾರಾಳವಾಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟೇ: ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ವ್ಯಾಯಾಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ. ಇದಕ್ಕೆ ಸ್ಟೀಮ್ ಬಾತ್ ಬೇಕಿಲ್ಲ.

ಹೊರಗಿನ ಜಿಮ್ಮೇ ಬೇಕೆಂದರೆ ನಡೆದು ಹೋಗುವಷ್ಟು ಹತ್ತಿರ ಇರಲಿ. ಸಂಜೆ ಜೆ.ವಿ.ಎಲ್.ಆರ್. ದಾಟಿ ಹೋಗಬೇಕಾದ ಜಿಮ್ ಎಷ್ಟೇ ಚೆನ್ನಾಗಿದ್ದರೂ ಎರಡನೇ ತಿಂಗಳಿಗೆ ತಪ್ಪಿಹೋಗುತ್ತದೆ. ನೀವು ದಿನಾ ಹೋಗುವ ಹೊತ್ತಿಗೇ ಒಮ್ಮೆ ಹೋಗಿ ನೋಡಿ. ಬೆಳಿಗ್ಗೆ 11ಕ್ಕೆ ಖಾಲಿ ಕಾಣುವ ಜಾಗದಲ್ಲಿ ರಾತ್ರಿ 8ಕ್ಕೆ ಕ್ಯೂ ಇರಬಹುದು. ಹೋಟೆಲ್ ಉದ್ಯಮದವರಿಗೆ ಬಿಡುವು ಸಿಗುವುದೇ ಮಧ್ಯಾಹ್ನ 3ರ ಮೇಲೆ. ಆ ಹೊತ್ತಿಗೆ ಬಾಗಿಲು ತೆರೆದಿರುತ್ತದೆಯೇ ಕೇಳಿ. (ದಿನವಿಡೀ ಕೌಂಟರಿನಲ್ಲಿ ನಿಂತೇ ಇರುತ್ತೇವೆ, ಇನ್ನೇನು ವ್ಯಾಯಾಮ ಎನ್ನುವವರಿದ್ದಾರೆ. ನಿಂತರೆ ಕಾಲು ಊದುತ್ತದೆ, ಹೃದಯ ಗಟ್ಟಿಯಾಗುವುದಿಲ್ಲ.)

*ಈಗ ಮುಖ್ಯ ವಿಷಯ.* 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ, ಜಿಮ್ಮೇ ಬೇಡ ಎಂದು ಎಷ್ಟೋ ಮನೆಗಳಲ್ಲಿ ಮಾತಾಯಿತು. ವ್ಯಾಯಾಮ ಬಿಡುವುದು ಅದಕ್ಕೆ ಉತ್ತರವಲ್ಲ, ಕೂತೇ ಇರುವ ಮೈಗೆ ಹೃದಯದ ಅಪಾಯ ಇನ್ನೂ ಹೆಚ್ಚು. ಆದರೆ 40 ದಾಟಿದವರು, ಬಿ.ಪಿ., ಶುಗರ್ ಇರುವವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿದ್ದವರು ಮೊದಲು ಡಾಕ್ಟರನ್ನು ಕಾಣಬೇಕು. ಒಳ್ಳೆಯ ಜಿಮ್ ದುಡ್ಡು ಕೇಳುವ ಮೊದಲು ಇವೆಲ್ಲವನ್ನೂ ಕೇಳುತ್ತದೆ. ಏನೂ ಕೇಳದೆ ಕಾರ್ಡ್ ಮೆಷಿನ್ ಮುಂದಿಟ್ಟರೆ ಎದ್ದು ಬನ್ನಿ.

ನೀವೂ ಎರಡು ಪ್ರಶ್ನೆ ಕೇಳಿ. ಡ್ಯೂಟಿಯಲ್ಲಿರುವ ಟ್ರೇನರ್‌ಗೆ ಸಿ.ಪಿ.ಆರ್. ಬರುತ್ತದೆಯೇ? ಎ.ಇ.ಡಿ., ಅಂದರೆ ಲಯ ತಪ್ಪಿ ಕುಸಿದ ಹೃದಯಕ್ಕೆ ಶಾಕ್ ಕೊಡುವ ಪೆಟ್ಟಿಗೆ, ಇದೆಯೇ? ಹೃದಯ ನಿಂತವರಿಗೆ ಇವೆರಡೂ ಸಿಗದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇ. 7ರಿಂದ 10ರಷ್ಟು ಕುಸಿಯುತ್ತದೆ. ನಮ್ಮ ಟ್ರಾಫಿಕ್‌ನಲ್ಲಿ ಆಂಬ್ಯುಲೆನ್ಸ್ ಎಷ್ಟು ನಿಮಿಷಕ್ಕೆ ಬರುತ್ತದೆ ಎಂದು ನಿಮಗೇ ಗೊತ್ತು. ವ್ಯಾಯಾಮದ ನಡುವೆ ಎದೆ ಬಿಗಿತ, ದವಡೆ ಅಥವಾ ಕೈಗೆ ಹರಿಯುವ ನೋವು, ತಣ್ಣನೆ ಬೆವರು ಬಂದರೆ ಅಲ್ಲಿಗೇ ನಿಲ್ಲಿಸಿ, 108ಕ್ಕೆ ಫೋನ್ ಮಾಡಿ. ಗ್ಯಾಸ್ ಇರಬೇಕು ಎಂದು ಸೋಡಾ ಕುಡಿದು ಕೂರಬೇಡಿ.

ಟ್ರೇನರ್ ಪೌಡರ್ ಡಬ್ಬ ಮಾರಲು ಬಂದರೆ ಅದರ ಮೇಲೆ 14 ಅಂಕಿಯ ಎಫ್.ಎಸ್.ಎಸ್.ಎ.ಐ. ಲೈಸೆನ್ಸ್ ಸಂಖ್ಯೆ ನೋಡಿ. ಇಂಜೆಕ್ಷನ್ ಮಾತು ತೆಗೆದರೆ ಆ ಜಿಮ್ಮೇ ಬೇಡ. ಕಾಲೇಜಿಗೆ ಹೋಗುವ ಮಗನಿಗೂ ಇದನ್ನು ಕೂರಿಸಿ ಹೇಳಿ.

ಊರಿನಿಂದ ಬಂದಿರುವ ಅಮ್ಮನಿಗೋ ಅತ್ತೆಗೋ ಮೆಷಿನ್ ಬೇಕಿಲ್ಲ. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನದ ವ್ಯಾಯಾಮ ಮುಖ್ಯ, ಬಚ್ಚಲಲ್ಲಿ ಬೀಳುವುದು ತಪ್ಪುತ್ತದೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದರಿಂದ ಶುರು ಮಾಡಿಸಿ.

ಇನ್ನು ದುಡ್ಡು. ವರ್ಷದ ಪ್ಯಾಕೇಜ್ ಅಗ್ಗ ಕಾಣುತ್ತದೆ, ಆದರೂ ಮೊದಲು ಒಂದು ತಿಂಗಳು ಅಥವಾ ಮೂರು ತಿಂಗಳಷ್ಟೇ ಕಟ್ಟಿ. ಮೇ ತಿಂಗಳಲ್ಲಿ ಊರಿಗೆ ಹೋದರೆ ಆ ದಿನಗಳು ಮುಂದಕ್ಕೆ ಸೇರುತ್ತವೆಯೇ, ಮನೆ ಬದಲಾಯಿಸಿದರೆ ದುಡ್ಡು ವಾಪಸ್ ಬರುತ್ತದೆಯೇ, ಬರಹದಲ್ಲಿ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಮೇಲಿನ ಜಿ.ಎಸ್.ಟಿ. ಶೇ. 18ರಿಂದ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಹಳೆಯ ದರ ಹಾಕಿದ್ದರೆ ಕೇಳಿ. ಜಗಳವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಕನ್ನಡದಲ್ಲೂ ದೂರು ಹೇಳಬಹುದು. ಬಿಲ್ಲಿನ ಫೋಟೋ ಮೊಬೈಲ್‌ನಲ್ಲಿ ಇರಲಿ.