ನೀರಿನಲ್ಲಿ ಕಾಣದ ವಿಷ

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕ್ಲಿಯರ್ ಲೇಕ್ ಎಂಬ ವಿಶಾಲವಾದ ಸಿಹಿನೀರಿನ ಸರೋವರವಿದೆ. ಅಲ್ಲಿಯ ನೊರಜುಗಳು ಕಚ್ಚುವವಲ್ಲ; ಆದರೂ ಮೀನು ಹಿಡಿಯಲು ಬರುವವರಿಗೆ ಅವುಗಳ ಮುತ್ತಿಗೆ ಅಸಹನೀಯವಾಯಿತು. 1949, 1954 ಮತ್ತು 1957ರಲ್ಲಿ ಡಿಡಿಟಿಯ ಸಂಬಂಧಿಯಾದ ಡಿಡಿಡಿ ಎಂಬ ಕೀಟನಾಶಕವನ್ನು ಸರೋವರಕ್ಕೆ ಬೆರೆಸಲಾಯಿತು. ಪ್ರಮಾಣವಾದರೋ ಅತ್ಯಲ್ಪ: ಮೊದಲ ಸಲ 7 ಕೋಟಿ ಪಾಲು ನೀರಿಗೆ ಒಂದೇ ಪಾಲು. ಕೊನೆಯ ಸಲ ಬೆರೆಸಿದ ಸ್ವಲ್ಪ ಕಾಲದಲ್ಲೇ ನೀರಿನಲ್ಲಿ ಅದರ ಸುಳಿವೂ ಉಳಿಯಲಿಲ್ಲ.

ಆದರೆ ಮೀನು ತಿಂದು ಬಾಳುವ ಗ್ರೀಬ್ ಎಂಬ ನೀರುಹಕ್ಕಿಗಳು 1954ರ ಚಳಿಗಾಲದಿಂದಲೇ ಸಾಯತೊಡಗಿದ್ದವು. ಸೋಂಕಿನ ಕುರುಹಿಲ್ಲ. ಕೊಬ್ಬನ್ನು ಪರೀಕ್ಷಿಸಿದಾಗ 10 ಲಕ್ಷ ಪಾಲಿಗೆ 1600 ಪಾಲು ವಿಷ! ಡಿಡಿಡಿ ಬೇಗನೆ ನಾಶವಾಗದು, ಕೊಬ್ಬಿನಲ್ಲಿ ಸಂಚಯವಾಗುವುದು. ತೇಲುವ ಸೂಕ್ಷ್ಮಜೀವಿಗಳಿಂದ ಸಣ್ಣ ಮೀನಿಗೆ, ಅದರಿಂದ ದೊಡ್ಡ ಮೀನಿಗೆ ಸಾಗುತ್ತ ಸಾಂದ್ರವಾಗಿ, ಮೀನಿನ ಮೈಯೇ ವಿಷದ ಉಗ್ರಾಣವಾಗಿತ್ತು.

ಸಾವಿರ ಜೊತೆಯಷ್ಟಿದ್ದ ಗ್ರೀಬ್‌ಗಳು 1960ರ ವೇಳೆಗೆ ಸುಮಾರು 30 ಜೊತೆಗೆ ಇಳಿದವು. ಅವು ಗೂಡು ಕಟ್ಟುತ್ತಲೇ ಇದ್ದವು. ಮರಿಗಳು ಮಾತ್ರ ಕಾಣಲಿಲ್ಲ.