ಇಪ್ಪತ್ತೊಂದು ದಿನದ ಬೆಲೆ

ಅರಸೀಕೆರೆ ಕಡೆ ನಮ್ಮದು ಎರಡು ಎಕರೆ ತೆಂಗಿನ ತೋಟ. ಕೊಟ್ಟಿಗೆಯಲ್ಲಿ ಎರಡು ಸೀಮೆಹಸು, ಹಿತ್ತಲಲ್ಲಿ ಆರು ಕುರಿ, ಜೊತೆಗೆ ದಿನಕ್ಕೊಂದು ಲೆಕ್ಕ ಕೊಡುವ ನಾಟಿ ಕೋಳಿಗಳು. ಬೆಳಗ್ಗೆ ಐದೂವರೆಗೆ ಸಗಣಿ ಬಾಚುವುದರಿಂದ ದಿನ ಶುರು. ಆರೂವರೆಗೆ ಕ್ಯಾನು ಹಿಡಿದು ಡೇರಿ ಮುಂದೆ ಸಾಲು. ಫ್ಯಾಟ್, ಎಸ್‌ಎನ್‌ಎಫ್ ನೋಡಿ ಚೀಟಿ ಕೊಡುತ್ತಾರೆ. ಆ ಚೀಟಿಯಲ್ಲಿ ಬರೆದ ಲೀಟರಷ್ಟೇ ಹೈನಿನ ಲೆಕ್ಕ ಅಂತ ಬಹಳ ದಿನ ನಂಬಿದ್ದೆ. ಆ ನಂಬಿಕೆ ಬಿಡಿಸಿದ್ದು ಗೌರಿ.

ಗೌರಿಗೆ ಅದು ಎರಡನೇ ಸೂಲು. ಕರು ಹಾಕಿ ಎರಡೂವರೆ ತಿಂಗಳಿಗೆ ಬೆದೆಗೆ ಬಂದಳು, ಇಂಜೆಕ್ಷನ್ ಕೊಡಿಸಿದೆವು. ದಿನಕ್ಕೆ 12 ಲೀಟರ್ ಕರೆಯುತ್ತಿದ್ದಳು, ಬಟವಾಡೆ ಸಲೀಸಾಗಿ ಬರುತ್ತಿತ್ತು. ಗಬ್ಬ ನಿಂತಿರುತ್ತದೆ ಬಿಡು ಅಂತ ಸುಮ್ಮನಾದೆ. ಒಂದು ರಾತ್ರಿ ಹತ್ತರ ಹೊತ್ತಿಗೆ ಬಿಡದೆ ಕೂಗಿದಳು. ಸೊಳ್ಳೆ ಕಾಟವಿರಬೇಕೆಂದು ಹೊಗೆ ಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ ಬಾಲದ ಬುಡದಲ್ಲಿ ಗಾಜಿನ ದಾರದಂಥ ತಿಳಿ ಲೋಳೆ. ಕೊಳೆ ಅಂದುಕೊಂಡು ಪೈಪು ಹಿಡಿದು ತೊಳೆದೆ. ಆ ದಿನ ಕ್ಯಾನೂ ಒಂದು ಲೀಟರ್ ಹಗುರವಿತ್ತು. ಅದಕ್ಕೆ ಫೀಡನ್ನು ಬೈದೆ.

ಹೀಗೆ ಮೂರು ಬೆದೆ ಕಳೆದುಹೋದವು. ಕೊನೆಗೆ ಡಾಕ್ಟರು ಕೈ ಹಾಕಿ ನೋಡಿ ಒಂದೇ ಮಾತು ಹೇಳಿದರು: "ಖಾಲಿ."

ಹಸು ಸಾಮಾನ್ಯವಾಗಿ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಒಂದು ಬೆದೆ ತಪ್ಪಿದರೆ ಮುಂದಿನ ಕರುವೂ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ. ಅಂದರೆ ಹೊಸ ಸೂಲಿನ 12 ಲೀಟರ್ ಕರೆಯಬೇಕಿದ್ದ 21 ದಿನ, ಹಳೇ ಸೂಲಿನ ಬಾಲದಲ್ಲಿ 4 ಲೀಟರ್ ಕರೆಯುತ್ತಾ ಕೂರುತ್ತೇವೆ. ದಿನಕ್ಕೆ 8 ಲೀಟರ್ ಕಮ್ಮಿ. ಲೀಟರಿಗೆ 35 ರೂಪಾಯಿ ಹಿಡಿದರೆ 280. ಕಮ್ಮಿ ಕರೆಯುವ ಹಸುವಿಗೆ ಫೀಡೂ ಕಮ್ಮಿ, ಅದಕ್ಕೆ 80 ಕಳೆಯಿರಿ. ಉಳಿದ 200 ರೂಪಾಯಿಯನ್ನು 21 ದಿನಕ್ಕೆ ಗುಣಿಸಿದರೆ 4,200. ಮೂರು ಬೆದೆಗೆ 12,600. ಅವತ್ತು ಪೈಪಿನಲ್ಲಿ ತೊಳೆದದ್ದು ಕೊಳೆಯಲ್ಲ, ನಾಲ್ಕು ಸಾವಿರ ರೂಪಾಯಿ.

ಈ ನಷ್ಟ ಆ ತಿಂಗಳ ಬಟವಾಡೆಯಲ್ಲಿ ಕಾಣುವುದೇ ಇಲ್ಲ. ಫೀಡಿನ ಮೂಟೆಗೆ 50 ರೂಪಾಯಿ ಏರಿದರೆ ಊರೆಲ್ಲ ಮಾತಾಡುತ್ತೇವೆ. ತಪ್ಪಿದ ಬೆದೆ ಮಾತ್ರ ಮುಂದಿನ ವರ್ಷ ಬಂದು ವಸೂಲಿ ಮಾಡುತ್ತದೆ. ಅಷ್ಟೊತ್ತಿಗೆ ನಾವು ಹಸುವಿನ ತಳಿ ಸರಿಯಿಲ್ಲ ಅಂತ ತೀರ್ಮಾನಿಸಿ ಸಂತೆಗೆ ಹೊಡೆದಿರುತ್ತೇವೆ.

ಈಗ ಕೊಟ್ಟಿಗೆಯ ಗೋಡೆಗೆ ಕ್ಯಾಲೆಂಡರ್ ಬಂದಿದೆ. ಇಂಜೆಕ್ಷನ್ ಕೊಡಿಸಿದ ದಿನಕ್ಕೊಂದು ಸುತ್ತು, ಅಲ್ಲಿಂದ 21ನೇ ದಿನಕ್ಕೆ ಇನ್ನೊಂದು. ಆ ದಿನದ ಆಚೀಚೆ ಮೂರು ರಾತ್ರಿ ಮಲಗುವ ಮುಂಚೆ ಟಾರ್ಚ್ ಹಿಡಿದು ಒಂದು ಸುತ್ತು ಬರುತ್ತೇನೆ; ಕೆಲವು ಹಸುಗಳದು ಮೂಕ ಬೆದೆ, ಕೂಗಿ ಕರೆಯುವುದಿಲ್ಲ. ಬೆಳಗ್ಗೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುಬೆಳಗ್ಗೆಗೆ ಇಂಜೆಕ್ಷನ್. ಎರಡು-ಮೂರು ತಿಂಗಳಿಗೆ ತಪ್ಪದೆ ಗಬ್ಬ ಪರೀಕ್ಷೆ. ಖರ್ಚು ಅಂದರೆ ಪೆನ್ನು, ಟಾರ್ಚಿನ ಸೆಲ್ಲು, ಹತ್ತು ನಿಮಿಷದ ನಿದ್ದೆ.

ಇನ್ನೊಂದು ಅಭ್ಯಾಸವೂ ಸೇರಿಕೊಂಡಿದೆ. ಕರು ಹಾಕುವ ಮುಂಚಿನ ಎರಡು ತಿಂಗಳು ಹಾಲು ಬತ್ತಿಸಬೇಕು. ಆಗ ಹಸು ತಿನ್ನುತ್ತದೆ, ಕೊಡುವುದಿಲ್ಲ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ಬಟವಾಡೆಗೆ ಸೇರದೆ ಬೇರೆಯಾಗಿ ಖಾತೆಗೆ ಬರುತ್ತದಲ್ಲ, ಅದನ್ನು ಮುಟ್ಟದೆ ಆ ಎರಡು ತಿಂಗಳಿಗೇ ಇಡುತ್ತೇನೆ. ಬತ್ತುಗಾಲದಲ್ಲಿ ಕುರಿ ಮಾರುವ ಪಾಡು ಈಗಿಲ್ಲ. ಕುರಿಗಳು ಹಬ್ಬದ ರೇಟಿಗೆ ಕಾಯಬಹುದು.

ಇವತ್ತು ಕ್ಯಾಲೆಂಡರಿನಲ್ಲಿ ಗೌರಿಗೆ 20ನೇ ದಿನ. ಬೆಳಗ್ಗೆ ಬಾಲ ಎತ್ತಿ ನೋಡಿದೆ, ಒಣಗಿದೆ. ಕ್ಯಾನೂ ಎಂದಿನಷ್ಟೇ ಭಾರ. ಟಾರ್ಚಿಗೆ ಹೊಸ ಸೆಲ್ಲು ಹಾಕಿಟ್ಟಿದ್ದೇನೆ.